ನಿದ್ದೆ ಹತ್ತಲ್ಲ, ಯಾವ ಮಾತ್ರೆ ಸರಿ ಹೋಗತ್ತೆ? ಪದೇ ಪದೇ ಕೇಳೋ ಪ್ರಶ್ನೆಗಳು

ಔಷಧಿ ಕೌಂಟರಿನ ಹಿಂದೆ ನಿಂತು ಕೆಲ್ಸ ಮಾಡೋ ನನ್ನಂಥವ್ರಿಗೆ ನಿದ್ದೆ ಮಾತ್ರೆ ಬಗ್ಗೆ ಬರೋ ಪ್ರಶ್ನೆಗಳು ಮುಗಿಯೋದೇ ಇಲ್ಲ. ಎದುರಿಗೆ ನಿಂತು ಕೇಳಿದ್ದು, ಫೋನಲ್ಲಿ ಕೇಳಿದ್ದು, ರಾತ್ರಿ ಎರಡು ಗಂಟೆಗೆ ಮೆಸೇಜ್ ಹಾಕಿದ್ದು, ಎಲ್ಲ ಸೇರ್ಸಿ ಅವ್ರವ್ರ ಮಾತಲ್ಲೇ ಇಲ್ಲಿಟ್ಟಿದೀನಿ. ಇದು ಮುಖ್ಯವಾಗಿ ಮಲಗಿದಾಗ ನಿದ್ದೆ ಹತ್ತದೇ ಒದ್ದಾಡೋವ್ರಿಗೆ. ನಾನು ಡಾಕ್ಟರ್ ಅಲ್ಲ, ನಿಮಗೆ ಯಾವ ಮಾತ್ರೆ ಎಷ್ಟು ಡೋಸ್ ಅಂತ ನಿಮ್ಮನ್ನ ನೋಡಿದ ಡಾಕ್ಟರೇ ಹೇಳ್ಬೇಕು. ಆದ್ರೆ ಅವ್ರ ಹತ್ರ ಹೋದಾಗ ಏನ್ ಕೇಳ್ಬೇಕು, ಏನ್ ಹೇಳ್ಬೇಕು ಅನ್ನೋದು ಇದನ್ನ ಓದಿದ್ಮೇಲೆ ಗೊತ್ತಿರತ್ತೆ.

## ಮೊದಮೊದ್ಲು ಕೇಳೋ ಪ್ರಶ್ನೆಗಳು

ಮಲಗಿ ಎಷ್ಟ್ ಹೊತ್ತಾದ್ರೂ ನಿದ್ದೆ ಬರ್ಲಿಲ್ಲ ಅಂದ್ರೆ ಅದನ್ನ ಕಾಯಿಲೆ ಅನ್ಬೇಕು?

ಲೈಟ್ ಆರಿಸಿದ್ಮೇಲೆ ಹತ್ತಿಪ್ಪತ್ತು ನಿಮಿಷ ಹಿಡಿಯೋದು ಮಾಮೂಲು, ಅದು ತೊಂದ್ರೆ ಅಲ್ಲ. ಅರ್ಧ ಗಂಟೆ ದಾಟ್ತಾ ಇದೆ, ವಾರಕ್ಕೆ ಮೂರು ರಾತ್ರಿಯಾದ್ರೂ ಹೀಗೇ ಆಗ್ತಿದೆ, ಅದ್ರಿಂದ ಹಗಲಲ್ಲಿ ಸುಸ್ತು, ಸಿಡುಕು, ಕೆಲ್ಸದಲ್ಲಿ ಗಮನ ಇಲ್ಲ ಅನ್ನೋ ಹಾಗಿದ್ರೆ ಇನ್ಸೋಮ್ನಿಯಾ ಅಂತಾರೆ, 3 ತಿಂಗಳು ಎಳೆದ್ರೆ ಕ್ರಾನಿಕ್, ಅಂದ್ರೆ ದೀರ್ಘಕಾಲದ್ದು. ಹಗಲು ಪೂರ್ತಿ ಚೆನ್ನಾಗೇ ಇದೀರ, ಆದ್ರೆ ರಾತ್ರಿ ಗಡಿಯಾರ ನೋಡಿ ನೋಡಿ ಲೆಕ್ಕ ಹಾಕ್ತಿದೀರ ಅಂದ್ರೆ ಮೊದ್ಲು ಆ ಗಡಿಯಾರನ ಆಚೆ ರೂಮಿಗಿಡಿ. ಪರೀಕ್ಷೆ, ಮನೇಲಿ ಸಾವು, ಕೆಲ್ಸ ಹೋಗಿದ್ದು ಇಂಥ ಕಾರಣಕ್ಕೆ ಕೆಲವು ದಿನ ನಿದ್ದೆ ಕೆಟ್ರೆ ಸಾಮಾನ್ಯವಾಗಿ ತಾನಾಗೇ ಸರಿ ಹೋಗತ್ತೆ.

ಸುಮ್ನೆ ಎಲ್ಲಕ್ಕಿಂತ ಸ್ಟ್ರಾಂಗ್ ಮಾತ್ರೆ ಯಾವ್ದು ಅಂತ ಹೇಳ್ಬಿಡಿ ಸಾರ್?

ದಿನಾ ಕೇಳೋ ಪ್ರಶ್ನೆ ಇದು, ನನ್ನ ಪ್ರಕಾರ ಪ್ರಶ್ನೆನೇ ತಪ್ಪು. ಕೇಳ್ಬೇಕಾದ್ದು ಎರಡು: ಈ ಮಾತ್ರೆ ಎಷ್ಟು ಬೇಗ ಕೆಲ್ಸ ಶುರು ಮಾಡತ್ತೆ, ಎಷ್ಟು ಹೊತ್ತು ಮೈಯಲ್ಲಿ ಉಳ್ಕೊಳ್ಳತ್ತೆ. ರಕ್ತದಲ್ಲಿರೋ ಔಷಧಿ ಅರ್ಧಕ್ಕೆ ಇಳಿಯೋಕೆ ಹಿಡಿಯೋ ಸಮಯಕ್ಕೆ ಹಾಫ್ ಲೈಫ್ ಅಂತಾರೆ. ಜೋಲ್ಪಿಡೆಮ್‌ಗೆ ಅದು ಸುಮಾರು ಎರಡೂವರೆ ಗಂಟೆ, ಎಸ್‌ಜೋಪಿಕ್ಲೋನ್‌ಗೆ ಸುಮಾರು 6, ಜಾಲೆಪ್ಲಾನ್‌ಗೆ ಬರೀ 1, ಕ್ಲೋನಜೆಪಾಮ್‌ಗೆ 30ರಿಂದ 40 ಗಂಟೆ. ಈಗ ನೋಡಿ, ನಿಮ್ಮ ತೊಂದ್ರೆ ನಿದ್ದೆ ಹತ್ತೋದ್ರಲ್ಲಿ ಮಾತ್ರ, ಒಂದ್ಸಲ ಹತ್ತಿದ್ರೆ ಬೆಳಗಾಗೋವರೆಗೂ ಎಚ್ಚರ ಆಗಲ್ಲ ಅಂದ್ರೆ ನಿಮಗೆ ಬೇಕಾಗಿರೋದು ಬೇಗ ಏರಿ ಬೇಗ ಇಳಿಯೋ ಔಷಧಿ, ನಾಳೆ ಸಾಯಂಕಾಲದವರೆಗೂ ಮೈಯಲ್ಲಿ ಕೂತಿರೋದಲ್ಲ. ಮಧ್ಯರಾತ್ರಿ ಮೂರಕ್ಕೆ ಎದ್ದು ಕೂರೋವ್ರ ಲೆಕ್ಕ ಬೇರೆ, ಅವ್ರಿಗೆ ಸ್ವಲ್ಪ ಉದ್ದ ಓಡೋದು ಬೇಕಾಗ್ಬಹುದು. "ಸ್ಟ್ರಾಂಗ್" ಅಂತ ಜನ ಹೊಗಳೋ ಎಷ್ಟೋ ಮಾತ್ರೆ ವಿಷಯದಲ್ಲಿ ನಿಜವಾಗಿ ನಡೀತಿರೋದು ಏನಂದ್ರೆ ಅದು ಬೆಳಗ್ಗೆನೂ ಇಳಿದಿಲ್ಲ, ತಲೆ ಮಂಕಾಗಿದೆ, ಅದನ್ನೇ ಒಳ್ಳೆ ನಿದ್ದೆ ಅಂದ್ಕೊಂಡಿದಾರೆ ಅಷ್ಟೆ.

ಮಾತ್ರೆ ಶುರು ಮಾಡೋ ಮುಂಚೆ ಏನೇನ್ ಚೆಕ್ ಮಾಡ್ಕೋಬೇಕು?

ನಿದ್ದೆ ಯಾಕೆ ಬರ್ತಿಲ್ಲ ಅನ್ನೋದು. ಹೇಳೋದು ಸುಲಭ, ಆದ್ರೆ ಮುಕ್ಕಾಲು ಜನ ಇಲ್ಲೇ ಹಾರಿ ಮುಂದಕ್ಕೆ ಹೋಗ್ತಾರೆ.

ಮೊದ್ಲು ನೀವೀಗಾಗ್ಲೇ ತಗೊಳ್ತಿರೋ ಮಾತ್ರೆಗಳನ್ನ ನೋಡಿ. ಪ್ರೆಡ್ನಿಸೋಲೋನ್ ಥರದ ಸ್ಟೀರಾಯ್ಡು, ಮೂಗು ಕಟ್ಟಿದ್ದಕ್ಕೆ ಕೊಡೋ ಸೂಡೋಎಫೆಡ್ರಿನ್, ಡಿಪ್ರೆಶನ್‌ಗೆ ಕೊಡೋ ಬುಪ್ರೊಪಿಯಾನ್, ಫ್ಲುವಾಕ್ಸೆಟಿನ್, ಉಬ್ಬಸಕ್ಕೆ ಕೊಡೋ ಥಿಯೋಫಿಲಿನ್, ಜಾಸ್ತಿಯಾದ ಥೈರಾಯ್ಡ್ ಮಾತ್ರೆ ಇವೆಲ್ಲ ನಿದ್ದೆ ಕೆಡಿಸೋವು. ಬಿಪಿಗೆ, ಎದೆ ಬಡಿತಕ್ಕೆ ಕೊಡೋ ಪ್ರೊಪ್ರನೊಲಾಲ್ ಅಂತೂ ಮೈಯಲ್ಲೇ ತಯಾರಾಗೋ, ರಾತ್ರಿ ಆಯ್ತು ಅಂತ ತಿಳಿಸೋ ಮೆಲಟೋನಿನ್ ಹಾರ್ಮೋನನ್ನ ಕಮ್ಮಿ ಮಾಡತ್ತೆ. ಎಷ್ಟೋ ಸಲ ಸ್ಟೀರಾಯ್ಡನ್ನ ರಾತ್ರಿ ಬದ್ಲು ಬೆಳಗ್ಗೆಗೆ ಹಾಕಿದ್ರೆ ಸಾಕು, ನಿದ್ದೆ ಮಾತ್ರೆ ಬೇಕೇ ಆಗಲ್ಲ (ನೀವೇ ಬದಲಾಯಿಸ್ಬೇಡಿ, ಬರೆದವ್ರನ್ನ ಕೇಳಿ). ಆಮೇಲೆ ಕಾಫಿ. ಕೆಫೀನಿನ ಹಾಫ್ ಲೈಫ್ ಸುಮಾರು 5 ಗಂಟೆ, ಸಂಜೆ ಆರಕ್ಕೆ ಕುಡಿದಿದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗೇ ಇರತ್ತೆ.

ಮಲಗಿದ ತಕ್ಷಣ ಕಾಲೊಳಗೆ ಏನೋ ಹರಿದಾಡ್ದಂಗಾಗಿ ಅಲ್ಲಾಡಿಸ್ಲೇಬೇಕು ಅನ್ಸತ್ತಾ? ಹಾಗಿದ್ರೆ ಅದು ರೆಸ್ಟ್‌ಲೆಸ್ ಲೆಗ್ಸ್ ಇರ್ಬಹುದು, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರ್ಸೋ ಫೆರಿಟಿನ್ ಅನ್ನೋದನ್ನ ರಕ್ತದಲ್ಲಿ ನೋಡಿಸ್ಬೇಕು, ಕಬ್ಬಿಣದ ಕೊರತೆ ಇದ್ರೆ ಅದನ್ನ ತುಂಬ್ಸಬೇಕು. ಇಲ್ಲಿ ನಿದ್ದೆ ಬರ್ಲಿ ಅಂತ ಮಂಪರು ತರೋ ಹಳೇ ಅಲರ್ಜಿ ಮಾತ್ರೆ ತಗೊಂಡ್ರೆ ಕಾಲಿನ ಕಾಟ ಇನ್ನೂ ಜಾಸ್ತಿ ಆಗತ್ತೆ. ಜೋರಾಗಿ ಗೊರಕೆ, ನಡುವೆ ಉಸಿರು ನಿಂತು ಬೆಚ್ಚಿಬಿದ್ದು ಏಳೋದು, ಹಗಲು ಕೂತಲ್ಲೇ ತೂಕಡಿಕೆ ಇದ್ರೆ ಸ್ಲೀಪ್ ಅಪ್ನಿಯಾ ಟೆಸ್ಟ್ ಮೊದ್ಲು, ಮಾತ್ರೆ ಆಮೇಲೆ. ಮನಸ್ಸು ತೀರಾ ಕುಗ್ಗಿದ್ರೆ, ಬದುಕೇ ಬೇಡ ಅನ್ನಿಸ್ತಿದ್ರೆ ಅದನ್ನ ಮುಚ್ಚಿಟ್ಟು ಬರೀ "ನಿದ್ದೆ ಇಲ್ಲ" ಅನ್ಬೇಡಿ, ಅವತ್ತೇ ಡಾಕ್ಟರಿಗೆ ಬಿಡಿಸಿ ಹೇಳಿ. ಕೆಲವು ನಿದ್ದೆ ಮಾತ್ರೆಗಳು ಆ ಸ್ಥಿತಿನ ಇನ್ನೂ ಹದಗೆಡಿಸ್ತವೆ.

ಮಾತ್ರೆ ಇಲ್ದೇನೇ ಸರಿ ಹೋಗೋ ದಾರಿ ಇಲ್ವಾ?

ಇದೆ, ಅದೇ ಮೊದಲ್ನೇ ದಾರಿ. ಸಿಬಿಟಿ-ಐ ಅಂತಾರೆ, ನಿದ್ರಾಹೀನತೆಗೇ ಅಂತ ಮಾಡಿರೋ ವರ್ತನಾ ಚಿಕಿತ್ಸೆ. ಕ್ರಾನಿಕ್ ಇನ್ಸೋಮ್ನಿಯಾ ಇರೋ ಎಲ್ಲಾ ವಯಸ್ಕರಿಗೂ ಮೊದ್ಲು ಇದನ್ನೇ ಕೊಡಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ, ಯುರೋಪಿನ ಗೈಡ್‌ಲೈನೂ ಅದನ್ನೇ ಹೇಳತ್ತೆ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಸೆಷನ್. "ಬೇಗ ಮಲ್ಗಿ, ಬಿಸಿ ಹಾಲು ಕುಡೀರಿ" ಅನ್ನೋ ಉಪದೇಶ ಅಲ್ಲ ಅದು, ಸ್ವಲ್ಪ ಕಠಿಣನೇ ಇದೆ. ನಿದ್ದೆ ಬಂದ್ರೆ ಮಾತ್ರ ಹಾಸಿಗೆಗೆ ಹೋಗ್ಬೇಕು, ಹೆಚ್ಚುಕಮ್ಮಿ ಇಪ್ಪತ್ತು ನಿಮಿಷದಲ್ಲಿ ಹತ್ಲಿಲ್ಲ ಅಂದ್ರೆ ಎದ್ದು ಬೇರೆ ರೂಮಿಗೆ ಹೋಗಿ ಮಂದ ಬೆಳಕಲ್ಲಿ ಕೂರ್ಬೇಕು, ಬೆಳಗ್ಗೆ ಏನೇ ಆದ್ರೂ ಅದೇ ಟೈಮಿಗೆ ಏಳ್ಬೇಕು. ಅದ್ರ ಮೇಲೆ ಹಾಸಿಗೇಲಿ ಇರೋ ಹೊತ್ತನ್ನೇ ಕತ್ತರಿಸ್ತಾರೆ: ನೀವು ಎಂಟು ಗಂಟೆ ಮಲ್ಗಿ ಆರೇ ಗಂಟೆ ನಿದ್ದೆ ಮಾಡ್ತಿದ್ರೆ ಕೆಲವು ದಿನ ಆರೇ ಗಂಟೆ ಹಾಸಿಗೆ. ಮೊದಲ ವಾರ ಬೈಕೊಳ್ತೀರ. ಫಿಟ್ಸ್ ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯೋ ಕಾಯಿಲೆ) ಇರೋವ್ರು ಈ ನಿದ್ದೆ ಕತ್ತರಿಸೋ ಭಾಗನ ಸ್ವಂತಕ್ಕೆ ಮಾಡಬಾರ್ದು.

ಮಾತ್ರೆ ನಿಲ್ಲಿಸಿದ್ರೆ ಮಾತ್ರೆ ಕೊಟ್ಟ ನಿದ್ದೆ ಹೋಗತ್ತೆ, ಇದ್ರಲ್ಲಿ ಕಲ್ತಿದ್ದು ಉಳಿಯತ್ತೆ. ಎರಡನ್ನೂ ಜೊತೆಗೆ ಶುರು ಮಾಡಿ ಆಮೇಲೆ ಮಾತ್ರೆ ಇಳಿಸೋದೂ ಉಂಟು.

## ಒಂದೊಂದೇ ಮಾತ್ರೆ ಬಗ್ಗೆ

ಜೋಲ್ಪಿಡೆಮ್ ಬರ್ಕೊಟ್ಟಿದಾರೆ, ನೆಟ್ಟಲ್ಲಿ ಓದಿ ಭಯ ಆಗ್ತಿದೆ, ಹೇಗ್ ತಗೋಬೇಕು?

ನಿದ್ದೆ ಹತ್ತದೇ ಇರೋದಕ್ಕೆ ಅಂತ ಜಗತ್ತಲ್ಲಿ ಜಾಸ್ತಿ ಬರೆಯೋ ಮಾತ್ರೆಗಳಲ್ಲಿ ಇದೊಂದು, ಅಮೆರಿಕದಲ್ಲಿ 1992ರಿಂದ ಇದೆ. ಮಿದುಳನ್ನ ಶಾಂತ ಮಾಡೋ ಗಾಬಾ ಅನ್ನೋ ರಾಸಾಯನಿಕದ ಕೆಲ್ಸನ ಜೋರು ಮಾಡತ್ತೆ. ಸರಿಯಾಗಿ ತಗೊಂಡ್ರೆ ಅರ್ಧ ಗಂಟೆಯೊಳಗೆ ಕೆಲ್ಸ ಕಾಣತ್ತೆ. ತೊಂದ್ರೆ ಆಗೋದು ಹೆಚ್ಚಾಗಿ ತಗೊಳ್ಳೋ ರೀತಿಯಿಂದ. ಊಟ ಆದ ತಕ್ಷಣ, ಅದೂ ಎಣ್ಣೆ ಜಿಡ್ಡಿನ ಊಟ ಆದ ತಕ್ಷಣ ನುಂಗಿದ್ರೆ ಏರೋದು ನಿಧಾನ ಆಗತ್ತೆ, ನೀವು "ಕೆಲ್ಸ ಮಾಡ್ತಿಲ್ಲ" ಅಂತ ಇನ್ನೊಂದು ನುಂಗ್ತೀರ, ಅದೇ ಅಪಾಯ. ನುಂಗಿ ಫೋನ್ ಹಿಡ್ಕೊಂಡು ಕೂತ್ರೆ ಆ ಹೊತ್ತಲ್ಲಿ ಮಾಡಿದ್ದು, ಆಡಿದ್ದು, ಆರ್ಡರ್ ಮಾಡಿದ್ದು ಬೆಳಗ್ಗೆ ನೆನಪಿರಲ್ಲ. ಹಲ್ಲುಜ್ಜಿ, ಬಾಗ್ಲು ಹಾಕಿ, ಲೈಟ್ ಆರಿಸೋಕೆ ಕೈ ಹೋದಾಗ ನುಂಗಿ, ಮುಂದೆ ಏಳೆಂಟು ಗಂಟೆ ಮಲಗೋ ಪುರಸೊತ್ತಿದ್ರೆ ಮಾತ್ರ ನುಂಗಿ. ನಾಲ್ಕು ಗಂಟೆಗೆ ಏಳ್ಬೇಕು, ಈಗ ಹನ್ನೆರಡೂವರೆ ಅಂದ್ರೆ ಅವತ್ತು ಬೇಡ.

ನಿದ್ದೇಲಿ ನಡೆಯೋದು, ಅಡುಗೆ ಮಾಡೋದು, ಗಾಡಿನೇ ಓಡಿಸ್ಬಿಡೋದು ಇವು ಅಪರೂಪ, ಆದ್ರೆ ಕಟ್ಟುಕಥೆ ಅಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಜೋಲ್ಪಿಡೆಮ್, ಎಸ್‌ಜೋಪಿಕ್ಲೋನ್, ಜಾಲೆಪ್ಲಾನ್ ಮೂರಕ್ಕೂ ಇದಕ್ಕೋಸ್ಕರನೇ ಕಪ್ಪು ಚೌಕದೊಳಗಿನ ಎಚ್ಚರಿಕೆ, ಅಂದ್ರೆ ಅತಿ ಗಂಭೀರವಾದ ಎಚ್ಚರಿಕೆ ಹಾಕಿಸ್ತು. ಒಂದೇ ಒಂದು ಸಲ ಹಾಗಾದ್ರೂ ಆ ಮಾತ್ರೆ ಮತ್ತೆ ಮುಟ್ಟಬಾರ್ದು. ಮನೇಲಿರೋರಿಗೆ ನೀವಿದನ್ನ ತಗೊಳ್ತಿದೀರ ಅಂತ ಗೊತ್ತಿರ್ಲಿ, ಯಾಕಂದ್ರೆ ರಾತ್ರಿ ಏನಾಯ್ತು ಅಂತ ಹೇಳೋಕೆ ಅವ್ರೇ ಬೇಕು.

ಇನ್ನೊಂದು ವಿಷಯ. ಇದ್ರಲ್ಲಿ ಮಾಮೂಲಿ ಮಾತ್ರೆ, ನಿಧಾನವಾಗಿ ಬಿಡೋ ಮಾತ್ರೆ ಅಂತ ಎರಡಿದೆ, ಎರಡನೇದ್ರ ಹೆಸರಿನ ಮುಂದೆ ಸಿಆರ್ ಅಥವಾ ಇಆರ್ ಅಂತಿರತ್ತೆ. ಅದನ್ನ ಮುರಿದು ಅರ್ಧ ಮಾಡಬಾರ್ದು, ಅಗಿಯಬಾರ್ದು. ನಿದ್ದೆ ಹತ್ತೋದಷ್ಟೇ ತೊಂದ್ರೆ ಅಂದ್ರೆ ಮಾಮೂಲಿದೇ ಸಾಕಾಗತ್ತೆ ಸಾಮಾನ್ಯವಾಗಿ.

ನಮ್ಮೆಜಮಾನ್ರಿಗೆ 10 ಕೊಟ್ಟಿದಾರೆ, ನಂಗೆ ಅದೇ ಮಾತ್ರೆ 5 ಯಾಕೆ?

ಮೋಸ ಇಲ್ಲಮ್ಮ. ಹೆಂಗಸರ ಮೈಯಿಂದ ಜೋಲ್ಪಿಡೆಮ್ ನಿಧಾನವಾಗಿ ಆಚೆ ಹೋಗತ್ತೆ, ಬೆಳಗ್ಗೆ ಗಾಡಿ ಓಡಿಸೋ ಹೊತ್ತಲ್ಲೂ ರಕ್ತದಲ್ಲಿ ಜಾಸ್ತಿ ಉಳಿದಿರತ್ತೆ. ಅದಕ್ಕೇ 2013ರಲ್ಲಿ ಎಫ್‌ಡಿಎ ಹೆಂಗಸರಿಗೆ ಮಾಮೂಲಿ ಮಾತ್ರೆ 10ರಿಂದ 5 ಮಿಲಿಗ್ರಾಂಗೆ, ನಿಧಾನದ್ದು 12.5ರಿಂದ 6.25ಕ್ಕೆ ಇಳಿಸ್ತು. ನಿಜ ಹೇಳ್ಬೇಕಂದ್ರೆ ಗಂಡಸರಿಗೂ ಕಮ್ಮಿಯಿಂದ ಶುರು ಮಾಡೋದೇ ಒಳ್ಳೇದು. ಅವ್ರ ಸ್ಟ್ರಿಪ್ಪಿಂದ ಮಾತ್ರ ತಗೋಬೇಡಿ.

ಎಸ್‌ಜೋಪಿಕ್ಲೋನ್ ತಗೊಂಡ್ರೆ ಬೆಳಗ್ಗೆ ಬಾಯೆಲ್ಲ ಕಹಿ, ಏನಾದ್ರೂ ಕೆಟ್ಟಿದ್ಯಾ ಮಾತ್ರೆ?

ಕೆಟ್ಟಿಲ್ಲ. ಆ ಔಷಧಿ ಎಂಜಲಲ್ಲೂ ಬರತ್ತೆ, ಅದ್ರ ರುಚಿನೇ ಆ ಲೋಹದ ಕಹಿ, ಅದೇ ಜಾತಿಯ ಜೋಪಿಕ್ಲೋನಿನದೂ ಅದೇ ಕಥೆ. ಬ್ರಷ್ ಮಾಡಿದ್ರೂ ಪೂರ್ತಿ ಹೋಗಲ್ಲ, ಕೆಲವರು ಇದೊಂದಕ್ಕೇ ಮಾತ್ರೆ ಬಿಡ್ತಾರೆ. ನಿದ್ದೆ ಹತ್ತೋದಕ್ಕೂ ಉಳಿಯೋದಕ್ಕೂ ಎರಡಕ್ಕೂ ಕೆಲ್ಸ ಮಾಡೋದು ಇದ್ರ ಪ್ಲಸ್ಸು, ಮಾರನೇ ದಿನದ ಮಂಪರು ಮೈನಸ್ಸು. 3 ಮಿಲಿಗ್ರಾಂ ತಗೊಂಡವ್ರಿಗೆ 11 ಗಂಟೆ ಕಳೆದ್ಮೇಲೂ ಗಾಡಿ ಓಡಿಸೋ ಚುರುಕು ಕಮ್ಮಿ ಇರ್ಬಹುದು, ಅದೂ ಅವ್ರಿಗೇ ಗೊತ್ತಾಗ್ದಂಗೆ ಅಂತ ಕಂಡ್ಮೇಲೆ 2014ರಲ್ಲಿ ಶುರುವಿನ ಡೋಸನ್ನ 1 ಮಿಲಿಗ್ರಾಂಗೆ ಇಳಿಸಿದ್ರು. "ನಂಗೇನೂ ಅನ್ನಿಸ್ತಿಲ್ಲ, ಆರಾಮಾಗಿದೀನಿ" ಅನ್ನೋದನ್ನ ಅದಕ್ಕೇ ಪೂರ್ತಿ ನಂಬ್ಬೇಡಿ.

ಅಣ್ಣಂಗೆ ಟೆನ್ಷನ್‌ಗೆ ಕೊಟ್ಟಿದ್ದ ಅಲ್ಪ್ರಾಜೋಲಮ್ ಮನೇಲಿದೆ, ಅದನ್ನೇ ಅರ್ಧ ಹಾಕ್ಕೊಂಡ್ರೆ ಆಗಲ್ವಾ?

ಬೇಡ. ನಿದ್ದೆ ಬರತ್ತೆ, ಇಲ್ಲ ಅನ್ನಲ್ಲ, ಅದೇ ಸಮಸ್ಯೆ. ಅಲ್ಪ್ರಾಜೋಲಮ್, ಕ್ಲೋನಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್, ನೈಟ್ರಾಜೆಪಾಮ್ ಎಲ್ಲ ಬೆಂಜೊಡಯಾಜೆಪಿನ್ ಅನ್ನೋ ಒಂದೇ ವಂಶ. ಮೊದಲ ಕೆಲವು ರಾತ್ರಿ ಅದ್ಭುತ, ಆಮೇಲೆ ಅದೇ ಡೋಸಿಗೆ ಅಷ್ಟು ನಿದ್ದೆ ಇಲ್ಲ, ಅರ್ಧ ಹೋಗಿ ಒಂದಾಗತ್ತೆ, ನಿಲ್ಲಿಸಿದ ರಾತ್ರಿ ಮೊದಲಿಗಿಂತ ಕೆಟ್ಟದಾಗಿರತ್ತೆ. ಕೆಲವೇ ವಾರ ದಿನಾ ತಗೊಂಡ್ರೂ ಮೈ ಒಗ್ಗಿಕೊಳ್ಳೋ ಸಾಧ್ಯತೆ ಇದೆ, ಅದಕ್ಕೇ ಯುರೋಪಿನ ಗೈಡ್‌ಲೈನಿನಲ್ಲಿ ಈ ವಂಶಕ್ಕೂ ಜೋಲ್ಪಿಡೆಮ್ ಥರದ್ದಕ್ಕೂ 4 ವಾರದ ಗೆರೆ ಹಾಕಿದಾರೆ. 2020ರಲ್ಲಿ ಎಫ್‌ಡಿಎ ಎಲ್ಲಾ ಬೆಂಜೊಡಯಾಜೆಪಿನ್‌ಗಳ ಎಚ್ಚರಿಕೆಗೆ ಚಟ, ಅವಲಂಬನೆ, ಬಿಡುವಾಗಿನ ತೊಂದ್ರೆ ಇವನ್ನ ಸೇರಿಸ್ತು.

ನಿದ್ದೆ ಹತ್ತೋದಕ್ಕೇ ಅಂತ ಇರೋ ಟ್ರಯಾಜೋಲಮ್ ಬಹಳ ಚುರುಕು, ಬೇಗ ಇಳಿಯತ್ತೆ ಕೂಡ, ಆದ್ರೆ ನೆನಪು ಹಾರೋದು, ಮನಸ್ಸು ಕದಡೋದು ಇದ್ರ ಬಗ್ಗೆ ದೂರು ಬಂದು ಬ್ರಿಟನ್ 1991ರಲ್ಲೇ ಅದನ್ನ ಮಾರುಕಟ್ಟೆಯಿಂದ ತೆಗೀತು. ಚುರುಕಾಗಿರೋದೆಲ್ಲ ಒಳ್ಳೇದು ಅಂತ ಮೇಲಿನ ಉತ್ತರ ಓದಿ ಅಂದ್ಕೊಂಡಿದ್ರೆ ಇದನ್ನೂ ನೆನಪಲ್ಲಿಟ್ಕೊಳ್ಳಿ.

ಮೆಲಟೋನಿನ್ ನ್ಯಾಚುರಲ್ ಅಲ್ವಾ, 10 ಮಿಲಿಗ್ರಾಂ ತಗೊಂಡ್ರೂ ಏನೂ ಆಗ್ತಿಲ್ಲ?

ಯಾಕಂದ್ರೆ ಅದು ನಿದ್ದೆ ಬರಿಸೋ ಔಷಧಿಗಿಂತ ಹೆಚ್ಚಾಗಿ ಹೊತ್ತು ತಿಳಿಸೋ ಔಷಧಿ. ಕತ್ತಲಾದ್ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಇದನ್ನ ಬಿಟ್ಟು ಮೈಗೆಲ್ಲ "ರಾತ್ರಿ ಆಯ್ತು" ಅಂತ ಡಂಗುರ ಹೊಡ್ಸತ್ತೆ, ಡಂಗುರ ಹತ್ತು ಪಟ್ಟು ಜೋರಾದ್ರೆ ನಿದ್ದೆ ಹತ್ತು ಪಟ್ಟು ಬರಲ್ಲ. ಹಲವು ಅಧ್ಯಯನ ಸೇರಿಸಿ 2013ರಲ್ಲಿ ಲೆಕ್ಕ ಹಾಕಿದಾಗ ಸರಾಸರಿ ಬರೀ 7 ನಿಮಿಷ ಬೇಗ ನಿದ್ದೆ ಹತ್ತಿದ್ದು ಕಂಡ್ತು. 2017ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಮಾಮೂಲಿ ಇನ್ಸೋಮ್ನಿಯಾಗೆ ಇದನ್ನ ಕೊಡ್ಬೇಡಿ ಅನ್ನೋ ಕಡೆಗೇ ವಾಲ್ತು.

ಹಾಗಂತ ದಂಡ ಅಲ್ಲ. ನಿಮಗೆ ರಾತ್ರಿ ಎರಡು ಮೂರಕ್ಕೇ ನಿದ್ದೆ ಬರೋದು, ರಜಾ ದಿನ ಯಾರೂ ಎಬ್ಬಿಸ್ದಿದ್ರೆ ಹತ್ತರವರೆಗೆ ಸೊಗಸಾಗಿ ಮಲಗ್ತೀರ ಅಂದ್ರೆ ನಿಮಗಿರೋದು ನಿದ್ದೆಯ ಕೊರತೆ ಅಲ್ಲ, ಮೈಯ ಗಡಿಯಾರ ಹಿಂದೆ ಬಿದ್ದಿದೆ. ಅಂಥವ್ರಿಗೆ ಸಣ್ಣ ಡೋಸು, ಅರ್ಧದಿಂದ ಮೂರು ಮಿಲಿಗ್ರಾಂ, ಮಲಗೋ ಹೊತ್ತಿಗಲ್ಲ, ಅದಕ್ಕೂ ಕೆಲವು ಗಂಟೆ ಮುಂಚೆ ತಗೊಂಡು, ಬೆಳಗ್ಗೆ ಎದ್ದ ತಕ್ಷಣ ಬಿಸಿಲಿಗೆ ಮೈಯೊಡ್ಡಿದ್ರೆ ಉಪಯೋಗ ಕಾಣತ್ತೆ. ಈ ಟೈಮಿಂಗ್ ಡಾಕ್ಟರ್ ಹತ್ರ ಕೂತು ಹಾಕಿಸ್ಕೊಳ್ಳೋದು ವಾಸಿ, ತಪ್ಪಾದ್ರೆ ಗಡಿಯಾರ ಇನ್ನೊಂದು ಕಡೆ ತಿರುಗತ್ತೆ. 55 ದಾಟಿದವ್ರಿಗೆ ಅಂತ ನಿಧಾನವಾಗಿ ಬಿಡೋ 2 ಮಿಲಿಗ್ರಾಂ ಮಾತ್ರೆಗೆ ಯುರೋಪ್ 2007ರಲ್ಲಿ ಒಪ್ಪಿಗೆ ಕೊಟ್ಟಿದೆ.

ಡಬ್ಬಿ ಮೇಲಿನ ಅಂಕಿನೂ ಪೂರ್ತಿ ನಂಬೋ ಹಾಗಿಲ್ಲ. ಕೆನಡಾದ ಸಂಶೋಧಕರು 31 ಮೆಲಟೋನಿನ್ ಪ್ರಾಡಕ್ಟ್ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ರು, ಒಂದ್ರಲ್ಲಿ ಬರೆದಿದ್ದಕ್ಕಿಂತ ಶೇ 83 ಕಮ್ಮಿ, ಇನ್ನೊಂದ್ರಲ್ಲಿ ಶೇ 478 ಜಾಸ್ತಿ. ಔಷಧಿ ಅಂತ ಲೈಸೆನ್ಸ್ ಇರೋದನ್ನೇ ತಗೊಳ್ಳಿ.

ರಾಮೆಲ್ಟಿಯಾನ್ ಅಂದ್ರೇನು, ಚಟ ಆಗಲ್ಲ ಅಂತಾರಲ್ಲ ನಿಜವಾ?

ನಿಜ. ಮೆಲಟೋನಿನ್ ಹೋಗಿ ಕೂರೋ ಜಾಗದಲ್ಲೇ ಇದೂ ಕೂರತ್ತೆ, ಇನ್ನೂ ಗಟ್ಟಿಯಾಗಿ. ಅಮೆರಿಕದಲ್ಲಿ 2005ರಲ್ಲಿ ಬಂತು, 8 ಮಿಲಿಗ್ರಾಂ, ನಿದ್ದೆ ಹತ್ತೋ ತೊಂದ್ರೆಗೇ ಅಂತ ಇರೋದು, ಚಟದ ಔಷಧಿಗಳ ಪಟ್ಟೀಲಿ ಇಲ್ಲ. ಪರಿಣಾಮ ಮೆತ್ತಗೆ, ಜೋಲ್ಪಿಡೆಮ್ ಕಂಡವ್ರಿಗೆ ಇದು ಸಪ್ಪೆ ಅನ್ಸತ್ತೆ. ಜಿಡ್ಡಿನ ಊಟದ ಜೊತೆ ಬೇಡ, ಫ್ಲುವೋಕ್ಸಮಿನ್ ಅನ್ನೋ ಡಿಪ್ರೆಶನ್ ಮಾತ್ರೆ ತಗೊಳ್ಳೋವ್ರು ಮುಟ್ಟೋ ಹಾಗೇ ಇಲ್ಲ, ರಕ್ತದಲ್ಲಿ ವಿಪರೀತ ಏರತ್ತೆ. ಹಿಂದೆ ಕುಡಿತದ್ದೋ ಮಾತ್ರೆದೋ ಚಟ ಇದ್ದು ಬಿಟ್ಟವ್ರಿಗೆ ನನ್ನ ಕೇಳಿದ್ರೆ ಡಾಕ್ಟರ ಹತ್ರ ಮೊದ್ಲು ವಿಚಾರಿಸ್ಬೇಕಾದ ಹೆಸರು ಇದು. ಕೆಲವು ದೇಶಗಳಲ್ಲಿ ಸಿಗಲ್ಲ.

ಶೀತದ ಮಾತ್ರೆ ನುಂಗಿದ್ರೆ ಚೆನ್ನಾಗಿ ನಿದ್ದೆ ಬರತ್ತೆ, ಚೀಟಿನೂ ಬೇಡ, ಸೇಫ್ ತಾನೇ?

ಚೀಟಿ ಬೇಡ ಅನ್ನೋದಕ್ಕೂ ಸೇಫ್ ಅನ್ನೋದಕ್ಕೂ ಸಂಬಂಧ ಇಲ್ಲ. ಡೈಫೆನ್‌ಹೈಡ್ರಮಿನ್, ಡಾಕ್ಸಿಲಮಿನ್ ಥರದ ಹಳೇ ಅಲರ್ಜಿ ಮಾತ್ರೆಗಳು ಮಂಪರು ತರೋದು ಹೌದು, ಆದ್ರೆ ಕೆಲವೇ ದಿನದಲ್ಲಿ ಮೈ ಒಗ್ಗಿ ಮಂಪರು ಹೋಗತ್ತೆ, ಬಾಯಿ ಒಣಗೋದು, ಮಲಬದ್ಧತೆ, ಮೂತ್ರ ಕಟ್ಟೋದು ಮಾತ್ರ ಉಳಿಯತ್ತೆ. ಪ್ರಾಸ್ಟೇಟ್ ದೊಡ್ಡದಾಗಿರೋವ್ರು, ಗ್ಲಾಕೋಮಾ (ಕಣ್ಣೊಳಗಿನ ಒತ್ತಡದ ಕಾಯಿಲೆ) ಇರೋವ್ರು ಹತ್ರನೂ ಹೋಗಬಾರ್ದು. ನೋವಿನ ಮಾತ್ರೆ ಜೊತೆ "ರಾತ್ರಿಗೆ" ಅಂತ ಸೇರ್ಸಿ ಮಾರೋ ಪ್ಯಾಕೆಟ್ಟುಗಳ ಹಿಂದೆ ತಿರುಗಿಸಿ ಓದಿ, ಸಣ್ಣ ಅಕ್ಷರದಲ್ಲಿ ಇದೇ ಹೆಸರಿರತ್ತೆ, ಪ್ಯಾರಾಸಿಟಮಾಲೂ ಇರತ್ತೆ, ಮೊದಲೇ ಜ್ವರಕ್ಕೆ ನುಂಗಿದ್ರೆ ಡಬಲ್ ಆಗೋದು ಹಾಗೇ.

ಹೊಸದಾಗಿ ಬಂದಿರೋ ಒರೆಕ್ಸಿನ್ ಮಾತ್ರೆ ನಿಜವಾಗ್ಲೂ ಬೇರೆನಾ?

ಕೆಲ್ಸ ಮಾಡೋ ರೀತಿ ಪೂರ್ತಿ ಬೇರೆ. 1998ರಲ್ಲಿ ಕಂಡುಹಿಡಿದ ಒರೆಕ್ಸಿನ್ ನಮ್ಮನ್ನ ಎಚ್ಚರವಾಗಿ ಇಡೋ ರಾಸಾಯನಿಕ. ಹಳೇ ಮಾತ್ರೆಗಳು ಮಿದುಳನ್ನ ಮಂಕು ಮಾಡಿದ್ರೆ ಇವು ಆ ಎಚ್ಚರದ ಸಿಗ್ನಲ್ಲನ್ನ ತಡೀತವೆ. ಸುವೊರೆಕ್ಸಾಂಟ್ 2014, ಲೆಂಬೊರೆಕ್ಸಾಂಟ್ 2019, ಡ್ಯಾರಿಡೊರೆಕ್ಸಾಂಟ್ 2022, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ವರ್ಷಗಳಿವು. ಬೆಂಜೊಡಯಾಜೆಪಿನ್ ಬಿಡುವಾಗಿನ ಒದ್ದಾಟ ಇದ್ರಲ್ಲಿ ಅಷ್ಟಾಗಿ ಕಂಡಿಲ್ಲ, ಆದ್ರೂ ಅಮೆರಿಕದಲ್ಲಿ ನಿಯಂತ್ರಿತ ಔಷಧಿನೇ. ಸುವೊರೆಕ್ಸಾಂಟಿನ ಹಾಫ್ ಲೈಫ್ ಸುಮಾರು 12 ಗಂಟೆ, ಡ್ಯಾರಿಡೊರೆಕ್ಸಾಂಟಿಂದು ಸುಮಾರು 8, ಹಾಗಾಗಿ ಬೆಳಗಿನ ಮಂಪರು ಕೆಲವ್ರಿಗೆ ಇದ್ದೇ ಇರತ್ತೆ. ನಿದ್ದೆಯಿಂದ ಏಳೋವಾಗ ಎಚ್ಚರ ಇದ್ರೂ ಕೈಕಾಲು ಅಲ್ಲಾಡಿಸೋಕಾಗದೇ ಇರೋ ಅನುಭವ ಅಪರೂಪಕ್ಕೆ ಆಗತ್ತೆ, ಮೊದ್ಲೇ ಗೊತ್ತಿದ್ರೆ ಗಾಬರಿ ಕಮ್ಮಿ. ನಾರ್ಕೊಲೆಪ್ಸಿ (ಹಗಲಲ್ಲೇ ತಡೆಯೋಕಾಗದ ನಿದ್ದೆ ಬರೋ ಕಾಯಿಲೆ) ಇರೋವ್ರಿಗೆ ಇವು ಕೂಡ್ದು. ಇವುಗಳ ಬಲ ಹೆಚ್ಚಾಗಿ ನಿದ್ದೆ ಉಳಿಸೋದ್ರಲ್ಲಿ, ಹತ್ತಿಸೋದ್ರಲ್ಲೂ ಇದೆ. ದುಬಾರಿ.

ನಂಗೆ ಡಿಪ್ರೆಶನ್ ಇಲ್ಲ, ಆದ್ರೂ ಡಿಪ್ರೆಶನ್ ಮಾತ್ರೆ ಯಾಕೆ ಬರ್ದಿದಾರೆ?

ಟ್ರಾಜೊಡೋನ್, ಮಿರ್ಟಜಾಪಿನ್, ಡಾಕ್ಸೆಪಿನ್, ಅಮಿಟ್ರಿಪ್ಟಿಲಿನ್ ಇವುಗಳ ಸಣ್ಣ ಡೋಸು ಮಂಪರು ತರತ್ತೆ, ಚಟ ಆಗಲ್ಲ, ಅದಕ್ಕೇ ಬರೀತಾರೆ. ಕುಗ್ಗಿದ ಮನಸ್ಸೋ, ಆತಂಕವೋ, ನರದ ನೋವೋ ಜೊತೆಗಿದ್ರೆ ಒಂದೇ ಕಲ್ಲಲ್ಲಿ ಎರಡು ಹಕ್ಕಿ. ಬರೀ ನಿದ್ದೆಗೆ ಅಂದ್ರೆ ಆಧಾರ ತೆಳು: ಟ್ರಾಜೊಡೋನ್ ಬೇಡ ಅಂತ, ಮೆಲಟೋನಿನ್ ಬಗ್ಗೆ ಹೇಳಿದ ಆ ಅಮೆರಿಕನ್ ಅಕಾಡೆಮಿಯ 2017ರ ಗೈಡ್‌ಲೈನಲ್ಲೇ ಇದೆ. ಟ್ರಾಜೊಡೋನ್ ಗಂಡಸರಲ್ಲಿ ಅಪರೂಪಕ್ಕೆ ಇಳಿಯದೇ ಇರೋ ನೋವಿನ ನಿಮಿರುವಿಕೆ ತರತ್ತೆ, ಹಾಗಾದ್ರೆ ನಾಚಿಕೊಂಡು ಕೂರದೇ ಎಮರ್ಜೆನ್ಸಿಗೆ ಓಡ್ಬೇಕು. ಡಾಕ್ಸೆಪಿನ್ 3 ಮತ್ತು 6 ಮಿಲಿಗ್ರಾಂ ಒಳ್ಳೇ ಔಷಧಿನೇ, ಆದ್ರೆ ನಡುರಾತ್ರಿ ಎಚ್ಚರ ಆಗೋವ್ರಿಗೆ, ಹತ್ತದವ್ರಿಗಲ್ಲ. ಮಿರ್ಟಜಾಪಿನ್ ಹಸಿವು, ತೂಕ ಏರಿಸತ್ತೆ. "ನಂಗೆ ಯಾಕೆ ಇದು" ಅಂತ ಡಾಕ್ಟರನ್ನೇ ಕೇಳಿ, ಕೇಳಿದ್ರೆ ಬೈಯಲ್ಲ.

ವ್ಯಾಲೇರಿಯನ್, ಮ್ಯಾಗ್ನೀಸಿಯಮ್, ಅಶ್ವಗಂಧ?

ನಿದ್ದೆ ಹತ್ತಿಸ್ತವೆ ಅನ್ನೋದಕ್ಕೆ ಪುರಾವೆ ಕಮ್ಮಿ. ಕಿಡ್ನಿ ತೊಂದ್ರೆ ಇರೋವ್ರಿಗೆ ಮ್ಯಾಗ್ನೀಸಿಯಮ್ ಮೈಯಲ್ಲೇ ಉಳಿದು ಅಪಾಯ ಆಗ್ಬಹುದು, ಅಶ್ವಗಂಧದಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ. ಗಿಡಮೂಲಿಕೆ ಅಂತ ಲಿಸ್ಟಿಂದ ಬಿಡ್ಬೇಡಿ, ಡಾಕ್ಟರಿಗೆ ಹೇಳಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಅಮ್ಮಂಗೆ 72, ರಾತ್ರಿಯೆಲ್ಲ ಎದ್ದು ಕೂತಿರ್ತಾರೆ, ಯಾವ್ದು ಕೊಡ್ಲಿ?

ಯಾವ್ದನ್ನೂ ನೀವಾಗೇ ಕೊಡ್ಬೇಡಿ. ವಯಸ್ಸಾದ್ಮೇಲೆ ಲಿವರ್ ಕಿಡ್ನಿ ನಿಧಾನ, ಅದೇ ಮಾತ್ರೆ ಜಾಸ್ತಿ ಹೊತ್ತು ಒಳಗಿರತ್ತೆ, ರಾತ್ರಿ ಬಾತ್‌ರೂಮಿಗೆ ಎದ್ದು ತೂರಾಡಿ ಬೀಳೋದು, ಸೊಂಟದ ಮೂಳೆ ಮುರಿಯೋದು, ಬೆಳಗ್ಗೆ ಗಲಿಬಿಲಿಯಾಗಿ ಎಲ್ಲಿದೀನಿ ಅಂತಲೇ ಗೊತ್ತಾಗದೇ ಇರೋದು. ಅಮೆರಿಕನ್ ಜೆರಿಯಾಟ್ರಿಕ್ಸ್ ಸೊಸೈಟಿಯ ಬಿಯರ್ಸ್ ಪಟ್ಟಿ 65 ದಾಟಿದವ್ರಿಗೆ ಬೆಂಜೊಡಯಾಜೆಪಿನ್, ಜೋಲ್ಪಿಡೆಮ್ ಬಳಗ, ಹಳೇ ಅಲರ್ಜಿ ಮಾತ್ರೆ ಮೂರನ್ನೂ ತಪ್ಪಿಸಿ ಅನ್ನತ್ತೆ. ಉಳಿಯೋದು ನಿಧಾನ ಮೆಲಟೋನಿನ್, ರಾಮೆಲ್ಟಿಯಾನ್, ಸಣ್ಣ ಡಾಕ್ಸೆಪಿನ್, ಒರೆಕ್ಸಿನ್ ತಡೆಯೋವು, ಇವುಗಳಲ್ಲಿ ಯಾವ್ದು ಅನ್ನೋದನ್ನ ಅಮ್ಮನ ಬೇರೆ ಕಾಯಿಲೆ ನೋಡಿ ಡಾಕ್ಟರ್ ಹೇಳ್ಬೇಕು.

ಅದಕ್ಕೂ ಮುಂಚೆ ಒಂದೆರಡು ವಿಷಯ ನೋಡಿ. ಹಗಲು ಎಷ್ಟು ಹೊತ್ತು ಮಲಗ್ತಾರೆ? ಮೂತ್ರ ಹೋಗೋ ಬಿಪಿ ಮಾತ್ರೆ ಸಾಯಂಕಾಲ ಕೊಡ್ತಿದೀರಾ? ಮಂಡಿ ನೋವಿಗೆ ಮಗ್ಗುಲಾಗೋಕೆ ಆಗ್ತಿಲ್ವಾ? ಎಂಟಕ್ಕೇ ಮಲಗಿಸಿದ್ರೆ ಎರಡಕ್ಕೆ ಎಚ್ಚರ ಆಗೋದು ಸಹಜ, ಆರು ಗಂಟೆ ಆಯ್ತಲ್ಲ.

ಒಂದು ಪೆಗ್ ಹಾಕಿದ್ರೆ ನಿದ್ದೆ ಬರತ್ತೆ, ಮಾತ್ರೆ ಜೊತೆಗೆ ತಗೊಂಡ್ರೆ ಇನ್ನೂ ಚೆನ್ನಾಗಿ ಬರಲ್ವಾ?

ಏಳ್ದೇನೂ ಇರ್ಬಹುದು. ಎರಡೂ ಉಸಿರಾಟನ ನಿಧಾನ ಮಾಡ್ತವೆ, ಒಟ್ಟಿಗೆ ಸೇರಿದ್ರೆ ಲೆಕ್ಕ ಸಿಗಲ್ಲ. ಮಾತ್ರೆ ತಗೊಳ್ಳೋ ದಿನ ಕುಡೀಬೇಡಿ, ಕುಡಿದ ದಿನ ಮಾತ್ರೆ ಬಿಡಿ. ಮದ್ಯ ಒಂದೇ ಆದ್ರೂ ಬೇಗ ಮಲಗಿಸಿ ರಾತ್ರಿಯ ಎರಡನೇ ಅರ್ಧನ ಚಿಂದಿ ಮಾಡತ್ತೆ.

ಬೇರೆ ಮಾತ್ರೆಗಳ ಜೊತೆ ಯಾವ್ದು ಆಗಲ್ಲ?

ಎಲ್ಲಕ್ಕಿಂತ ಕೆಟ್ಟ ಜೋಡಿ ಟ್ರಮಡಾಲ್, ಮಾರ್ಫಿನ್, ಕೋಡೀನ್ ಥರದ ಒಪಿಯಾಯ್ಡ್ ನೋವಿನ ಔಷಧಿ ಮತ್ತೆ ಬೆಂಜೊಡಯಾಜೆಪಿನ್. ಉಸಿರು ನಿಂತು ಸಾವು ಆಗಿರೋದ್ರಿಂದ 2016ರಲ್ಲಿ ಎಫ್‌ಡಿಎ ಎರಡರ ಮೇಲೂ ಎಚ್ಚರಿಕೆ ಹಾಕಿಸ್ತು. ಕೋಡೀನ್ ಇರೋ ಕೆಮ್ಮಿನ ಸಿರಪ್ಪೂ ಇದೇ ಲೆಕ್ಕಕ್ಕೆ ಬರತ್ತೆ, ಜನಕ್ಕೆ ಅದು ಹೊಳೆಯೋದೇ ಇಲ್ಲ. ಆಮೇಲೆ ಸೋಂಕಿಗೆ ಕೊಡೋ ಕ್ಲಾರಿಥ್ರೊಮೈಸಿನ್, ಫಂಗಸ್ಸಿಗೆ ಕೊಡೋ ಕೀಟೊಕೊನಜೋಲ್, ಇಟ್ರಕೊನಜೋಲ್ ಇವು ಲಿವರಿನಲ್ಲಿ ಟ್ರಯಾಜೋಲಮ್, ಸುವೊರೆಕ್ಸಾಂಟ್ ಥರದವು ಕರಗೋದನ್ನ ತಡೆದು ಮಟ್ಟ ಏರಿಸ್ತವೆ. ಟಿಬಿಗೆ ಕೊಡೋ ರಿಫಾಂಪಿಸಿನ್ ಉಲ್ಟಾ, ಜೋಲ್ಪಿಡೆಮ್ ಕೆಲ್ಸನೇ ಮಾಡ್ದಂಗೆ ಮಾಡತ್ತೆ. ನಾನು ಕೌಂಟರಲ್ಲಿ ಜಾಸ್ತಿ ಹಿಡಿಯೋ ತಪ್ಪು ಮಾತ್ರ ಇದ್ಯಾವುದೂ ಅಲ್ಲ: ಇಬ್ರು ಡಾಕ್ಟರು, ಎರಡು ಚೀಟಿ, ಎರಡು ಬ್ರ್ಯಾಂಡ್ ಹೆಸರು, ಒಳಗಿರೋದು ಒಂದೇ ಕ್ಲೋನಜೆಪಾಮ್. ಸ್ಟ್ರಿಪ್ ಹಿಂದೆ ಬ್ರ್ಯಾಂಡಿನ ಕೆಳಗೆ ಸಣ್ಣಕ್ಕೆ ಬರೆದಿರೋ ಔಷಧಿಯ ಹೆಸರನ್ನ ಓದೋ ಅಭ್ಯಾಸ ಮಾಡ್ಕೊಳ್ಳಿ.

ಪ್ರೆಗ್ನೆಂಟ್ ಇದೀನಿ, ಒಂದು ರಾತ್ರಿಗೆ ಪರ್ವಾಗಿಲ್ವಾ?

ಹೆರಿಗೆ ಡಾಕ್ಟರನ್ನ ಕೇಳದೇ ಒಂದು ರಾತ್ರಿಗೂ ಬೇಡ, ಹಾಲುಣಿಸೋವಾಗ್ಲೂ ಅಷ್ಟೆ. ಮೊದಲೇ ದಿನಾ ತಗೊಳ್ತಿದ್ದು ಈಗ ಗರ್ಭಿಣಿ ಅಂತ ಗೊತ್ತಾದ್ರೆ ಗಾಬರೀಲಿ ಒಮ್ಮೆಲೇ ನಿಲ್ಲಿಸೋದೂ ಬೇಡ, ಅವತ್ತೇ ಫೋನ್ ಮಾಡಿ. ಚಿಕ್ಕ ಮಕ್ಕಳಿಗೆ ದೊಡ್ಡವರ ನಿದ್ದೆ ಮಾತ್ರೆ ಚೂರು ಮಾಡಿ ಕೊಡೋದಂತೂ ಯಾವ ಕಾರಣಕ್ಕೂ ಇಲ್ಲ.

ಆರು ತಿಂಗ್ಳಿಂದ ತಗೋತಿದೀನಿ, ನಿಲ್ಲಿಸಿದ್ರೆ ಒಂದು ರಾತ್ರಿನೂ ನಿದ್ದೆ ಇಲ್ಲ, ಇನ್ನು ಜೀವನ ಪೂರ್ತಿ ಇದೇನಾ?

ಅಲ್ಲ. ಒಮ್ಮೆಲೇ ನಿಲ್ಲಿಸಿದಾಗ ಎರಡು ಮೂರು ರಾತ್ರಿ ಮೊದಲಿಗಿಂತ ಕೆಟ್ಟದಾಗಿ ನಿದ್ದೆ ಹಾರೋದನ್ನ ರಿಬೌಂಡ್ ಅಂತಾರೆ. ಅದನ್ನ ನೋಡಿ ಜನ "ನೋಡಿದ್ರಾ, ಮಾತ್ರೆ ಇಲ್ದೇ ನಂಗಾಗಲ್ಲ" ಅಂತ ತೀರ್ಮಾನಕ್ಕೆ ಬಂದು ಮತ್ತೆ ಶುರು ಹಚ್ಕೊಳ್ತಾರೆ, ಆದ್ರೆ ಅದು ಹಳೇ ಕಾಯಿಲೆ ಅಲ್ಲ, ಔಷಧಿ ಹೋದ ಜಾಗದ ಖಾಲಿತನ, ಇಳಿದು ಹೋಗತ್ತೆ. ಬೆಂಜೊಡಯಾಜೆಪಿನ್ ಆಗಿದ್ರೆ ಒಮ್ಮೆಲೇ ನಿಲ್ಲಿಸೋದು ಬರೀ ಕಷ್ಟ ಅಲ್ಲ, ಅಪಾಯ, ಫಿಟ್ಸ್ ಬರಬಹುದು, ಜೋಲ್ಪಿಡೆಮ್ ತುಂಬಾ ಜಾಸ್ತಿ ಡೋಸಲ್ಲಿ ತಗೊಳ್ತಿದ್ದವ್ರಿಗೂ ಹಾಗೇ ಆಗಿದೆ.

ಇಳಿಸೋ ಲೆಕ್ಕ ಡಾಕ್ಟರ್ ಹಾಕ್ಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಡೋಸಿನ ಶೇ 5ರಿಂದ 10, ಕಮ್ಮಿ ದಿನದಿಂದ ತಗೊಳ್ತಿರೋವ್ರಿಗೆ ಸ್ವಲ್ಪ ಬೇಗ, ಎರಡು ವಾರಕ್ಕೆ ಶೇ 25 ಮೀರದ ಹಾಗೆ. ಕೊನೇ ಚೂರು ಬಿಡೋದೇ ಎಲ್ಲಕ್ಕಿಂತ ನಿಧಾನ, ಅಲ್ಲಿ ಅವಸರ ಮಾಡಿದವ್ರೇ ಜಾಸ್ತಿ ಸೋಲೋದು. ಇಳಿಸುವಾಗ ಸಿಬಿಟಿ-ಐ ಜೊತೆಗಿದ್ರೆ ಗೆಲ್ಲೋ ಸಾಧ್ಯತೆ ಜಾಸ್ತಿ. ಪರೀಕ್ಷೆ, ಮನೆ ಬದಲಾಯ್ಸೋದು, ಮದುವೆ ಓಡಾಟ ಇರೋ ತಿಂಗಳಲ್ಲಿ ಶುರು ಮಾಡ್ಬೇಡಿ.

ಡಾಕ್ಟರ್ ಹತ್ರ ಐದೇ ನಿಮಿಷ ಸಿಗೋದು, ಏನ್ ಹೇಳ್ಬೇಕು?

ಎರಡು ವಾರದ ನಿದ್ದೆ ಡೈರಿ ತಗೊಂಡ್ಹೋಗಿ, ಒಂದೇ ಹಾಳೆ ಸಾಕು: ಎಷ್ಟಕ್ಕೆ ಲೈಟ್ ಆರಿಸ್ದೆ, ಅಂದಾಜು ಎಷ್ಟಕ್ಕೆ ನಿದ್ದೆ ಹತ್ತಿರ್ಬಹುದು, ಎಷ್ಟು ಸಲ ಎದ್ದೆ, ಬೆಳಗ್ಗೆ ಎಷ್ಟಕ್ಕೆ ಎದ್ದೆ, ಕಾಫಿ, ಮದ್ಯ, ಮಧ್ಯಾಹ್ನದ ನಿದ್ದೆ. ಅಂದಾಜು ಮಾಡಿ ಬೆಳಗ್ಗೆ ಬರೀರಿ, ರಾತ್ರಿ ಗಡಿಯಾರ ನೋಡ್ಕೊಂಡು ಕೂರ್ಬೇಡಿ. ತಗೊಳ್ತಿರೋ ಎಲ್ಲಾ ಮಾತ್ರೆಗಳ ಸ್ಟ್ರಿಪ್ಪನ್ನೇ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಹೆಸರು ನೆನಪಿಟ್ಕೊಳ್ಳೋ ಗೋಜೇ ಬೇಡ. ನೀವು ಗಾಡಿ ಓಡಿಸ್ತೀರಾ, ಮೆಷಿನ್ ಮುಂದೆ ನಿಲ್ತೀರಾ, ಶಿಫ್ಟ್ ಕೆಲ್ಸನಾ, ಗೊರಕೆ ಇದೆಯಾ, ಹಿಂದೆ ಚಟ ಇತ್ತಾ, ಇದನ್ನ ಅವ್ರು ಕೇಳ್ದಿದ್ರೂ ಹೇಳಿ. ಎದ್ದು ಬರೋ ಮುಂಚೆ ನೀವು ಕೇಳಿಕೊಂಡು ಬರ್ಬೇಕಾದ್ದು: ಇದನ್ನ ದಿನಾ ತಗೋಬೇಕಾ ಇಲ್ಲ ಬೇಕಾದಾಗ ಮಾತ್ರನಾ, ಎಷ್ಟು ವಾರ, ನಿಲ್ಲಿಸೋದು ಹೇಗೆ, ಮತ್ತೆ ಯಾವಾಗ ಬರ್ಲಿ. ನಿಲ್ಲಿಸೋ ದಿನ ಚೀಟೀಲಿ ಬರೆದಿಲ್ಲ ಅಂದ್ರೆ ಬರೆಸ್ಕೊಂಡೇ ಬನ್ನಿ.